ನನಗಿಂತ ಚಿಕ್ಕವಳಾದ ಅಕ್ಕನಿಗೆ

ಪಂಪುಮನೆಯ ಹಿಂದಿನ ಮನೆ,
ಬಿತ್ತನೆ ಮುಗಿದ ಮಾರನೆಯ ವಾರ

ಪ್ರೀತಿಯ ಅಕ್ಕಾ,

ಚೆನ್ನಾಗಿದ್ದೀಯ? ಕೇಳಬೇಕಾದ್ದು ಪದ್ಧತಿ, ಕೇಳಿದ್ದೇನೆ. ನೀನು ಚೆನ್ನಾಗಿಯೇ ಇದ್ದೀಯ ಎಂಬುದು ನಿನಗಿಂತ ನನಗೇ ಹೆಚ್ಚು ಗೊತ್ತು. ಮೇಲೆ ಆಕಾಶದಲ್ಲಿ ಸುತ್ತುತ್ತಿರುವ ಹಡಗಿನಿಂದ ನಿನ್ನ ವರದಿ ಬಂದಾಗಲೆಲ್ಲ ಎಬ್ಬಿಸುವ ಮನೆಯ ಡಾಕ್ಟರಮ್ಮ ನಮ್ಮ ಬಾಗಿಲಲ್ಲಿ ನಿಂತು ಹೇಳಿ ಹೋಗುತ್ತಿದ್ದರು. ನಾಡಿ ಸರಿಯಿದೆ, ಉಸಿರು ಸರಿಯಿದೆ, ಹಲ್ಲು ಕೂದಲು ಎಲ್ಲ ಇದ್ದ ಹಾಗೇ ಇವೆ, ಇಷ್ಟು ವರ್ಷ ಮಲಗಿದ್ದರೂ ಮುಖದಲ್ಲಿ ಒಂದು ಸುಕ್ಕಿಲ್ಲ. ಕೇಳಿ ಸಂತೋಷವಾಯಿತು ಎಂದು ಬರೆಯಬೇಕು. ಸಂತೋಷವಾಯಿತು. ಆಮೇಲೆ ಒಳಗೆ ಹೋಗಿ ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಈಗ ನಿನ್ನ ಗಂಟಲು ಒಣಗಿರುತ್ತದೆ, ಕಾಲ್ಬೆರಳುಗಳಲ್ಲಿ ಇರುವೆ ಹರಿದ ಹಾಗಾಗುತ್ತಿರುತ್ತದೆ. ಹೆದರಬೇಡ, ಎಲ್ಲರಿಗೂ ಹಾಗೇ ಆಗುತ್ತದೆ. ಪಕ್ಕದಲ್ಲಿರುವ ಲೋಟದ ನೀರನ್ನು ಗುಟುಕು ಗುಟುಕಾಗಿ ಕುಡಿ. ಅದು ನಾನು ಜೋಡಿಸಿದ ಪೈಪಿನಲ್ಲಿ ಬಂದ ನೀರು. ಸ್ವಲ್ಪ ಕಬ್ಬಿಣದ ರುಚಿ ಇರುತ್ತದೆ. ಮುಖ ಕಿವುಚಬೇಡ, ಇಲ್ಲಿರುವುದು ಅದೊಂದೇ ನೀರು.

ನಾವು ಯಾರೂ ಎದುರಿಗೆ ಬರದೆ ಕಾಗದ ಯಾಕೆ ಕಳಿಸಿದ್ದೇವೆ ಎಂದು ನೀನು ಆಗಲೇ ಮೂಗು ಮುರಿದಿರುತ್ತೀಯ. ಇಲ್ಲಿ ಎಚ್ಚರಾದವರಿಗೆ ಮೊದಲ ದಿನ ಮನೆಯವರನ್ನು ತೋರಿಸುವುದಿಲ್ಲ, ಮನೆಯವರ ಕಾಗದವನ್ನು ಮಾತ್ರ ಕೊಡುತ್ತಾರೆ. ಶುರುವಿನಲ್ಲಿ ಹೀಗಿರಲಿಲ್ಲ. ನಮ್ಮ ಬೀದಿಯ ಬ್ರೆಡ್ಡಿನವನ ಅಣ್ಣ ಕಣ್ಣು ಬಿಟ್ಟಾಗ ತಮ್ಮನೇ ಖುಷಿಯಿಂದ ಮಂಚದ ಪಕ್ಕದಲ್ಲಿ ನಿಂತಿದ್ದ. ತಮ್ಮ ಮೊದಲೇ ಎದ್ದವನು; ಇಲ್ಲಿ ವರ್ಷಗಟ್ಟಲೆ ಹಿಟ್ಟು ನಾದಿ ತಲೆ ಬೋಳಾಗಿ, ಹೊಟ್ಟೆ ಮುಂದೆ ಬಂದು, ಥೇಟು ಅವರ ತಂದೆಯ ಹಾಗೇ ಆಗಿಬಿಟ್ಟಿದ್ದ. ಅಣ್ಣ ಅವನನ್ನು ನೋಡಿದವನೇ 'ಅಪ್ಪಾ, ನಿನ್ನ ಮಣ್ಣು ಮಾಡಿ ಬಂದಿದ್ವಲ್ಲ' ಎಂದು ಕಿರುಚಿ ಮಂಚದ ಕೆಳಗೆ ತೂರಿಕೊಂಡ. ಹೊರಗೆಳೆಯುವಷ್ಟರಲ್ಲಿ ಎಲ್ಲರಿಗೂ ಸಾಕುಸಾಕಾಯಿತು. ಅಂದಿನಿಂದ ಈ ಕ್ರಮ. ಏನೇನು ಬದಲಾಗಿದೆ, ಯಾರು ಹೇಗಾಗಿದ್ದಾರೆ ಎಂದು ಮನೆಯವರಲ್ಲಿ ಒಬ್ಬರು ನಿಧಾನವಾಗಿ ಬರೆದು ತಿಳಿಸಬೇಕು. ನಮ್ಮ ಮನೆಯಲ್ಲಿ ಬರೆಯುವವಳು ನಾನೇ, ಬೇರೆ ಯಾರಿದ್ದಾರೆ ಹೇಳು.

ಮೊದಲು ಅಮ್ಮನ ವಿಷಯ. ಅಮ್ಮ ಇದ್ದಾಳೆ. ನೀನು ಅದನ್ನೇ ಹುಡುಕುತ್ತ ಸಾಲುಗಳ ಮೇಲೆ ಓಡುತ್ತಿರುತ್ತೀಯ ಎಂದು ಬೇಗ ಬರೆದುಬಿಟ್ಟೆ. ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ, ಕಿವಿ ಮಾತ್ರ ಇನ್ನೂ ಚುರುಕಾಗಿದೆ. ಇನ್ನು ನನ್ನ ವಿಷಯ. ನನಗೆ ಐವತ್ತು ದಾಟಿ ಒಂದೆರಡು ವರ್ಷವಾಯಿತು. ತಲೆ ಮುಕ್ಕಾಲು ಬೆಳ್ಳಗಾಗಿದೆ, ಮೊಣಕಾಲು ಸವೆದಿವೆ. ನೀನು ಇಪ್ಪತ್ತೇಳರಲ್ಲೇ ಇದ್ದೀಯ. ಮೂರು ವರ್ಷ ದೊಡ್ಡವಳು ಎಂಬ ಒಂದೇ ಕಾರಣಕ್ಕೆ ನೀನು ನಡೆಸಿದ ದರ್ಬಾರು ನಿನಗೆ ನೆನಪಿರಬೇಕು, ನಿನಗೆ ಅದೆಲ್ಲ ನಿನ್ನೆಯದಲ್ಲವೇ. ಕಿಟಕಿಯ ಪಕ್ಕದ ಹಾಸಿಗೆ ನಿನಗೆ, ಬೆಚ್ಚನೆಯ ಮೊದಲ ನೀರು ನಿನಗೆ, ಹಾಲಿನ ಕೆನೆ ನಿನಗೆ. ಈಗ ನಾನು ನಿನ್ನ ತಾಯಿಯ ವಯಸ್ಸಿನವಳು. ಆದರೂ ಕಾಗದದ ತಲೆಯಲ್ಲಿ 'ಅಕ್ಕಾ' ಎಂದೇ ಬರೆಯಬೇಕಾಯಿತು. ನಿದ್ದೆ ಮಾಡುತ್ತಲೇ ನೀನು ಇದರಲ್ಲೂ ಗೆದ್ದೆ.

ಹೀಗಾದದ್ದು ಹೇಗೆಂದು ಹೇಳುತ್ತೇನೆ. ನಿನ್ನ ಲೆಕ್ಕದಲ್ಲಿ ನಾವು ಮೂವರೂ ಹಡಗಿನಲ್ಲಿ ಆ ಉದ್ದದ ನಿದ್ದೆಗೆ ಅಕ್ಕಪಕ್ಕದಲ್ಲಿ ಮಲಗಿದ್ದು ಇದೀಗ ತಾನೆ. ನಿನಗೆ ಭಯವಾಗುತ್ತದೆಂದು ಅಮ್ಮ ನಿನ್ನ ಕೈ ಹಿಡಿದುಕೊಂಡಿದ್ದಳು. ಅವಳ ಇನ್ನೊಂದು ಕೈ ಖಾಲಿ ಇತ್ತೇ ಎಂದು ನೀನು ನೋಡಿರಲಿಕ್ಕಿಲ್ಲ, ನಾನು ನೋಡಿದ್ದೆ. ಅದರಲ್ಲಿ ನಿನ್ನ ಪಿಟೀಲಿನ ಪೆಟ್ಟಿಗೆ ಇತ್ತು. ಹಡಗು ಇಲ್ಲಿಗೆ ಬಂದಾಗ ಎಲ್ಲರನ್ನೂ ಒಟ್ಟಿಗೆ ಎಬ್ಬಿಸಲಿಲ್ಲ. ಎಬ್ಬಿಸಿದವರಿಗೆಲ್ಲ ಊಟ ಹಾಕಬೇಕಲ್ಲ, ನೆಲವಿನ್ನೂ ನಮ್ಮ ಕಾಳು ಬೆಳೆದು ನೋಡಿರಲಿಲ್ಲ. ಅದಕ್ಕೇ ಕೆಲಸದ ಅಗತ್ಯ ನೋಡಿ ಸರದಿ ಮಾಡಿದರು. ಉಳುವವರು, ಗೋಡೆ ಕಟ್ಟುವವರು, ಮರಗೆಲಸದವರು, ಪೈಪು ಜೋಡಿಸುವವರು ಮೊದಲು. ಸಂಗೀತದ ಟೀಚರು, ಕುಣಿತದವರು, ಚಿತ್ರ ಬರೆಯುವವರು ಕೊನೆಗೆ. ಹುಟ್ಟಿದಾಗಿನಿಂದ ಒಂದು ವಿಷಯದಲ್ಲಾದರೂ ನಿನಗಿಂತ ಮೊದಲು ನನ್ನನ್ನು ಕರೆದಿದ್ದು ಅದೇ. ಕೊಳೆ ಕೈಯ ಕೆಲಸ ಕಲಿತಿದ್ದಾಳೆಂದು ನೆಂಟರೆಲ್ಲ ನನ್ನನ್ನು ಕಂಡು ಅಯ್ಯೋ ಪಾಪ ಎನ್ನುತ್ತಿದ್ದರಲ್ಲ, ಅವರೆಲ್ಲ ಇನ್ನೂ ಅಲ್ಲಿ ಮಲಗಿದ್ದಾಗ ನಾನು ಇಲ್ಲಿಯ ಮಣ್ಣಿನ ಮೇಲೆ ನಿಂತಿದ್ದೆ. ಹೆಮ್ಮೆಯಾಗಿತ್ತು ಅಕ್ಕಾ, ಸುಳ್ಳು ಯಾಕೆ ಹೇಳಲಿ.

ಈ ನೆಲ ನೀನು ಅಂದುಕೊಂಡಷ್ಟು ಬೇರೆಯಲ್ಲ. ಮಣ್ಣು ಮಣ್ಣೇ, ಮೋಡ ಮೋಡವೇ. ಹುಲ್ಲು ಸ್ವಲ್ಪ ತಾಮ್ರದ ಬಣ್ಣ, ಸಂಜೆಗೆ ಎರಡು ಪುಟ್ಟ ಚಂದಿರಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ, ಅಷ್ಟೆ. ಇಲ್ಲಿ ಒಂದು ಬಳ್ಳಿಯಿದೆ, ಅದರ ಬೇರಿಗೆ ನಮ್ಮ ಪೈಪೆಂದರೆ ಪ್ರಾಣ. ಎಷ್ಟು ಬಿಗಿಯಾಗಿ ಜೋಡಿಸಿದರೂ ಸಂದಿಯಲ್ಲಿ ನುಗ್ಗಿ ಒಳಗೆಲ್ಲ ಗಡ್ಡದ ಹಾಗೆ ತುಂಬಿಕೊಳ್ಳುತ್ತದೆ. ನನ್ನ ಯೌವನವೆಲ್ಲ ಆ ಗಡ್ಡ ಕೀಳುವುದರಲ್ಲೇ ಹೋಯಿತು. ನಿನಗೆ ಮೊದಲು ಗೊತ್ತಾಗುವುದು ಭಾರ. ಇಲ್ಲಿ ಎಲ್ಲವೂ ಒಂದು ಪಾಲು ಹೆಚ್ಚು ತೂಗುತ್ತದೆ, ನೀನೂ ಸೇರಿದಂತೆ. ಹೊಸದಾಗಿ ಎದ್ದವರ ಹೆಜ್ಜೆ ಬೀದಿಯ ಆ ತುದಿಯಿಂದಲೇ ಗೊತ್ತಾಗುತ್ತದೆ. ಹಳೆಯ ನೆಲದ ಅಭ್ಯಾಸದಲ್ಲಿ ಕಾಲೆತ್ತುತ್ತಾರೆ, ಅದು ಎಣಿಸಿದ್ದಕ್ಕಿಂತ ಬೇಗ ಕೆಳಗೆ ಬಂದು ತಪ್ ತಪ್ ಎಂದು ಬಡಿಯುತ್ತದೆ. ವರ್ಷಗಳು ಕಳೆದ ಮೇಲೆ ಆ ಸದ್ದು ಹೋಗಿಬಿಡುತ್ತದೆ. ಇಲ್ಲೇ ಹುಟ್ಟಿದ ಮಕ್ಕಳಿಗಂತೂ ಆ ಸದ್ದು ಬರುವುದೇ ಇಲ್ಲ, ಬೆಕ್ಕಿನ ಹಾಗೆ ಓಡಾಡುತ್ತಾರೆ. ನಿನ್ನ ಕಾಲು ತಪ್ ತಪ್ ಎಂದರೆ ನಾಚಿಕೊಳ್ಳಬೇಡ.

ಎದ್ದವರು ದುಡಿದು ನಿಂತ ಮೇಲೆ ಹತ್ತಿರದವರಲ್ಲಿ ಒಬ್ಬರನ್ನು ಎಬ್ಬಿಸಿಕೊಳ್ಳಬಹುದು ಎಂಬ ನಿಯಮ ಬಂತು. ಒಬ್ಬರೇ. ನಾನು ಅಮ್ಮನನ್ನು ಕೇಳಿದೆ. ಬಟ್ಟೆ ಹೊಲಿಯುವವರು ಬೇಕಾಗಿದ್ದರು, ಸರದಿ ನೋಡುವ ಸಮಿತಿಯವರು ಒಪ್ಪಿದರು. ಅಮ್ಮ ಏಳುವ ಹೊತ್ತಿಗೆ ನಾನು ಕೆಲಸದ ನೀಲಿ ಕೋಟಿನಲ್ಲೇ ಎಬ್ಬಿಸುವ ಮನೆಯ ಗುಡ್ಡ ಹತ್ತಿ ಓಡಿದ್ದೆ, ಬಟ್ಟೆ ಬದಲಾಯಿಸಲೂ ಪುರಸೊತ್ತಾಗಿರಲಿಲ್ಲ. ಆಗಿನ್ನೂ ಈ ಕಾಗದದ ಕ್ರಮ ಇರಲಿಲ್ಲ. ಅಮ್ಮ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ಗುರುತೂ ಹಿಡಿದಳು. ಆಮೇಲೆ ನನ್ನ ಹಿಂದೆ, ಬಾಗಿಲ ಕಡೆ ನೋಡಿ ಕೇಳಿದ ಮೊದಲ ಮಾತು, 'ಗುಬ್ಬಿ ಎಲ್ಲೇ?' ಅಕ್ಕಾ, ನಾನು ಅವಳಿಗಾಗಿ ಎಷ್ಟು ಜನರ ಕೈಕಾಲು ಹಿಡಿದಿದ್ದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ, ನಿಜ. ಆದರೂ ಆ ಪ್ರಶ್ನೆ ಇಂದಿಗೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತದೆ. ನೀನು ಗುಬ್ಬಿ, ನಾನು ಮೊದ್ದು. ಒಬ್ಬಳಿಗೆ ಹಕ್ಕಿಯ ಹೆಸರು ಹುಡುಕಿದ ತಾಯಿಗೆ ಇನ್ನೊಬ್ಬಳಿಗೆ ಒಂದು ಒಳ್ಳೆಯ ಪ್ರಾಣಿಯಾದರೂ ಸಿಗಲಿಲ್ಲವೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮನೆ ಕಟ್ಟಿದೆವು. ಕಟ್ಟಿದ್ದು ನನ್ನ ಗಂಡ, ಅವನು ಮರಗೆಲಸದವನು, ಅವನ ಕಥೆ ಆಮೇಲೆ. ಬೆಳಕು ಚೆನ್ನಾಗಿ ಬರುವ ಕೋಣೆ ಯಾರದು ಎಂದು ಕೇಳಬೇಕೆ? ನಿನ್ನದು. ಹೋದ ಚಳಿಗಾಲದವರೆಗೆ ಅದರಲ್ಲಿ ಯಾರೂ ಮಲಗಿರಲಿಲ್ಲ. ನಾವು ಗಂಡ ಹೆಂಡತಿ ಮಗಳು ಮೂವರೂ ಪಂಪಿನ ಸದ್ದು ಬಡಿಯುವ ಹಿಂದಿನ ಕೋಣೆಯಲ್ಲಿ ಕಾಲು ಮಡಚಿ ಮಲಗುತ್ತಿದ್ದೆವು, ನಿನ್ನ ಖಾಲಿ ಹಾಸಿಗೆಗೆ ಅಮ್ಮ ಹೊದಿಕೆ ಬದಲಾಯಿಸುತ್ತಿದ್ದಳು. ಗೋಡೆಯ ಮೇಲೆ ನಿನ್ನ ಪಿಟೀಲು. ಒಬ್ಬೊಬ್ಬರಿಗೆ ಇಷ್ಟೇ ತೂಕ ಎಂದು ಹೊರಡುವಾಗ ಹೇಳಿದ್ದರಲ್ಲ, ಅಮ್ಮ ತನ್ನ ಪಾಲಿನ ತೂಕ ಸಾಲದೆ ನನ್ನ ಪಾಲಿನದನ್ನೂ ಅದಕ್ಕೆ ಹಾಕಿದಳು. ನಾನೇ ಬಿಚ್ಚಿ ಜೋಡಿಸಿದ್ದ ರೇಡಿಯೊ ಅಲ್ಲೇ ಉಳಿಯಿತು. 'ನಿನ್ನ ಕೈ ನಿನ್ನ ಹತ್ರಾನೇ ಇರತ್ತಲ್ಲೇ, ಇನ್ನೊಂದು ಮಾಡ್ಕೋಬಹುದು' ಎಂದಿದ್ದಳು. ಹೊಗಳಿದ್ದೋ ಬೈದದ್ದೋ ನನಗೆ ಇನ್ನೂ ಗೊತ್ತಾಗಿಲ್ಲ. ಪಿಟೀಲಿನ ಧೂಳು ಒರೆಸಿದ್ದು ಮಾತ್ರ ನಾನು. ತೇವ ಹೆಚ್ಚಾದಾಗ ತಂತಿ ಸಡಿಲಿಸಿದ್ದೂ ನಾನು. ನೀನು ಅದನ್ನು ಎತ್ತಿಕೊಂಡು ಎರಡೇ ಎರಡು ಸಲ ಎಳೆದರೆ ಸಾಕು, ಬೀದಿಯೆಲ್ಲ ಬಂದು ಬಾಗಿಲಲ್ಲಿ ನಿಲ್ಲುತ್ತದೆ, ನೋಡುತ್ತಿರು.

ಈಗಾಗಲೇ ನಿಂತಿದೆ ಎನ್ನಬೇಕು. ಈ ಸಲ ಕಾಳು ಮಿಕ್ಕಿತು, ಸಮಿತಿಯವರು ಸಂಗೀತದ ಟೀಚರನ್ನು ಎಬ್ಬಿಸಬಹುದು ಎಂದರು. ಇಲ್ಲಿಯ ಮಕ್ಕಳಿಗೆ ಹಾಡು ಕಲಿಸಿದವರು ಇದುವರೆಗೆ ಇಟ್ಟಿಗೆ ಗೂಡಿನ ಮೇಸ್ತ್ರಿ, ಹಾಗಾಗಿ ಎಲ್ಲ ಮಕ್ಕಳೂ ಇಟ್ಟಿಗೆ ಎಣಿಸುವ ರಾಗದಲ್ಲೇ ಹಾಡುತ್ತಾರೆ. ನಿನ್ನ ಸುದ್ದಿ ತಿಳಿದಾಗಿನಿಂದ ಶಾಲೆಗೆ ಸುಣ್ಣ ಹೊಡೆದದ್ದೇನು, ನಿನಗೆ ಕುರ್ಚಿ ಮಾಡಿಸಿದ್ದೇನು. ಅಂಗಡಿಗೆ ಹೋದರೆ 'ನಿಮ್ಮಕ್ಕ ಬರ್ತಾರಂತೆ' ಎಂದು ನನ್ನನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ನಾನು ಈ ಊರಿನ ಒಂದೊಂದು ಮನೆಗೂ ನೀರು ತಂದವಳು. ನಲ್ಲಿಯಲ್ಲಿ ನೀರು ಬಂದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ ಅಕ್ಕಾ, ನಿಂತಾಗ ಮಾತ್ರ ನನ್ನ ನೆನಪಾಗುತ್ತದೆ. ನೀನು ಬರುತ್ತಿದ್ದೀಯ ಎಂದು ನನಗೆ ಸಂತೋಷವಿದೆ. ಹೊಟ್ಟೆಯೂ ಉರಿಯುತ್ತಿದೆ. ಎರಡೂ ನಿಜ, ಒಂದನ್ನು ಬರೆದು ಇನ್ನೊಂದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ.

ನನ್ನ ಗಂಡನ ಕಥೆ ಎಂದೆನಲ್ಲ. ಒಳ್ಳೆಯವನು, ಮಾತು ಕಡಿಮೆ, ಗೊರಕೆ ಹೆಚ್ಚು. ವಯಸ್ಸು ಅರವತ್ತರ ಹತ್ತಿರ. ನಿನ್ನನ್ನು ಏನೆಂದು ಕರೆಯುವುದು ಎಂಬ ಚಿಂತೆ ಅವನಿಗೆ ಹತ್ತಿದೆ. ಹೆಂಡತಿಯ ಅಕ್ಕ ಅತ್ತಿಗೆ ತಾನೆ. ಇಪ್ಪತ್ತೇಳರ ಹುಡುಗಿಯ ಎದುರು ಈ ಬೋಳುತಲೆ ಕೈಕಟ್ಟಿ ನಿಂತು 'ಅತ್ತಿಗೇ' ಎನ್ನಬೇಕು. ಮರ ಹೆರೆಯುತ್ತ ಹೆರೆಯುತ್ತ ಅಭ್ಯಾಸ ಮಾಡಿಕೊಳ್ಳುತ್ತಿದ್ದಾನೆ, ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾನೆ. ಮಗಳದು ಇನ್ನೊಂದು ತಕರಾರು. ಅವಳಿಗೆ ಇಪ್ಪತ್ತೈದು. 'ನನಗಿಂತ ಎರಡು ವರ್ಷ ದೊಡ್ಡೋಳನ್ನ ದೊಡ್ಡಮ್ಮ ಅನ್ನಲಾ? ನನ್ನ ಸ್ನೇಹಿತೆಯರೆಲ್ಲ ನಗ್ತಾರೆ' ಎನ್ನುತ್ತಾಳೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿ ಮೂಗು ಮಾತ್ರ ನಿನ್ನದು ತಂದಿದ್ದಾಳೆ. ಅವಳು ಹುಟ್ಟಿದಾಗ ಅಮ್ಮ ಎತ್ತಿಕೊಂಡು, 'ನೋಡ್ದ್ಯಾ, ಗುಬ್ಬಿ ಮೂಗು' ಎಂದು ಬೀದಿಗೆಲ್ಲ ತೋರಿಸಿದಳು. ಹೆತ್ತವಳು ಇಲ್ಲೇ ಹಾಸಿಗೆಯ ಮೇಲೆ ಬಿದ್ದಿದ್ದೆ.

ಈ ಕಾಗದದ ಜೊತೆ ಬಂದ ಗಂಟಿನಲ್ಲಿ ಅಮ್ಮ ನಿನಗೆ ಹೊಲಿದ ಅಂಗಿಗಳಿವೆ. ಪ್ರತಿ ಚಳಿಗಾಲಕ್ಕೆ ಮೊದಲು ನಿನ್ನ ಅಳತೆಗೆ ಒಂದು ಹೊಸ ಅಂಗಿ, ಈ ಸಲ ಏಳಬಹುದು, ಈ ಸಲ ಏಳಬಹುದು ಎಂದು. ಪೆಟ್ಟಿಗೆ ತುಂಬಿ ಹೋಗಿದೆ, ಎಲ್ಲವನ್ನೂ ಕಳಿಸಲಾಗಲಿಲ್ಲ, ಬಣ್ಣ ಚೆನ್ನಾಗಿರುವುದನ್ನು ಆರಿಸಿದ್ದೇನೆ. ನನಗೆ ಹೊಲಿದದ್ದು ತೇಪೆಗಳು. ನೀಲಿ ಕೋಟಿನ ಮೊಣಕೈ ಹರಿದರೆ ತೇಪೆ, ಜೇಬು ಕಿತ್ತರೆ ತೇಪೆ. 'ನಿನಗ್ಯಾಕೆ ಹೊಸದು, ಸಂಜೆ ಅಷ್ಟೊತ್ತಿಗೆ ಜಿಡ್ಡು ಮಾಡ್ಕೊಂಡು ಬರ್ತೀಯ' ಎನ್ನುವಳು. ಆ ಕೋಟನ್ನೂ ಗಂಟಿನ ತಳದಲ್ಲಿ ಇಟ್ಟಿದ್ದೇನೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಇಲ್ಲಿಂದ ಮುಂದೆ ಓದುವ ಮೊದಲು ಇನ್ನೊಂದು ಗುಟುಕು ನೀರು ಕುಡಿ. ಅಮ್ಮನ ಕಣ್ಣು ಮಂಜಾಗಿದೆ ಎಂದು ಬರೆದೆನಲ್ಲ, ನೆನಪೂ ಮಂಜಾಗಿದೆ. ಹೋದ ಚಳಿಗಾಲಕ್ಕೆ ನನ್ನ ಮೊಣಕಾಲು ಪೂರ್ತಿ ಕೈಕೊಟ್ಟಿತು. ಕೆಳಗೆ ಬಗ್ಗಿದರೆ ಏಳಲಾಗದು. ಪಂಪುಮನೆಯವರು ಕೈಮುಗಿದು ಸಾಕಮ್ಮ ಎಂದರು. ಕೋಟನ್ನು ಗೂಟಕ್ಕೆ ನೇತುಹಾಕಿದೆ. ಮೊದಲ ಸಲ ನನ್ನ ಉಗುರಿನ ಸಂದಿಯ ಕಪ್ಪು ಹೋಯಿತು. ಮಗಳು ಒಂದು ತಿಳಿ ಬಣ್ಣದ ಅಂಗಿ ಕೊಟ್ಟಳು, ಹಾಕಿಕೊಂಡು, ತಲೆ ಬಾಚಿಕೊಂಡು ಅಮ್ಮನಿಗೆ ಸೂಪು ತೆಗೆದುಕೊಂಡು ಹೋದೆ. ಅಮ್ಮ ನನ್ನ ಕೈ ಹಿಡಿದು ಬೆರಳು ಸವರಿ ನೋಡಿದಳು. ಮೆತ್ತಗಿತ್ತು, ಸೋಪಿನ ವಾಸನೆ ಇತ್ತು. ಅಷ್ಟೇ ಸಾಕಾಯಿತು. 'ಗುಬ್ಬೀ, ಬಂದ್ಯಾ ಮಗಳೇ' ಎಂದಳು.

ಅಕ್ಕಾ, ಆ ಮುಖವನ್ನು ನಾನು ಹೇಗೆ ಬರೆಯಲಿ? ಮುಚ್ಚಿದ್ದ ಮನೆಯ ಕಿಟಕಿಗಳನ್ನೆಲ್ಲ ಒಟ್ಟಿಗೆ ತೆಗೆದ ಹಾಗಿತ್ತು. ಅಮ್ಮನಿಗೆ ಅಂಥದೊಂದು ಮುಖ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ದಿನವೂ ಅವಳ ಎದುರಿಗೇ ಓಡಾಡಿದವಳು ನಾನು, ಅವಳ ಹಲ್ಲುನೋವು ಗೊತ್ತು, ಕೆಮ್ಮು ಗೊತ್ತು, ಯಾವ ಮಗ್ಗುಲಾದರೆ ಸೊಂಟ ಹಿಡಿಯುತ್ತದೆ ಎಂಬುದೂ ಗೊತ್ತು. ಈ ಮುಖ ಮಾತ್ರ ನನಗೆ ತೋರಿಸಿರಲಿಲ್ಲ, ನಿನಗೆಂದು ತೆಗೆದಿಟ್ಟಿದ್ದಳು. ನಾನು ಗುಬ್ಬಿ ಅಲ್ಲಮ್ಮ, ಮೊದ್ದು ಎಂದೆ. ಅವಳ ಮುಖ ಇಳಿದುಹೋಯಿತು. 'ಹಾಗಾದ್ರೆ ಗುಬ್ಬಿ ಬಂದಿಲ್ವಾ' ಎಂದು ಮಗುವಿನ ಹಾಗೆ ಅತ್ತಳು. ಮಾರನೆಯ ದಿನ ಮತ್ತೆ ಹಾಗೇ. ಡಾಕ್ಟರಮ್ಮನನ್ನು ಕೇಳಿದೆ. ತಿದ್ದಬೇಡಿ, ತಿದ್ದಿದಷ್ಟೂ ಸಲ ಅವರಿಗೆ ಅದು ಹೊಸ ದುಃಖ ಎಂದರು. ಅಂದಿನಿಂದ ಈ ಮನೆಯಲ್ಲಿ ನಾನು ನೀನಾಗಿದ್ದೇನೆ. ಕೆನೆ ನನಗೆ ಕೊಡಿಸುತ್ತಾಳೆ. ಬೆಚ್ಚನೆಯ ನೀರು ಮೊದಲು ನನಗೆ ಎನ್ನುತ್ತಾಳೆ. ನಿನ್ನ ಕೋಣೆಯಲ್ಲೇ ಮಲಗು ಎಂದು ಹಟ ಹಿಡಿದಳು, ಈಗ ಕೆಲವು ತಿಂಗಳಿನಿಂದ ನಿನ್ನ ಹಾಸಿಗೆಯಲ್ಲಿ ನಾನೇ ಮಲಗುತ್ತಿದ್ದೇನೆ. ಮೆತ್ತಗಿದೆ. ಬಿಟ್ಟುಕೊಡಲು ಮನಸ್ಸಿಲ್ಲ, ಆದರೂ ಬಿಟ್ಟುಕೊಡುತ್ತೇನೆ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ದಾರಿಯಿತ್ತು, ನಿನ್ನೊಬ್ಬಳ ಮೇಲೇ ಇಟ್ಟುಕೊಂಡು ಹಾಯಾಗಿ ಇರುತ್ತಿದ್ದೆ. ಮುಗಿಯಲಿಲ್ಲ. ಗುಬ್ಬಿ ಬಂದು ಒಲೆಯ ಪಕ್ಕ ಕೂತಳಲ್ಲ, ಅಮ್ಮನಿಗೆ ಈಗ ಇನ್ನೊಬ್ಬಳ ಚಿಂತೆ ಶುರುವಾಯಿತು. 'ಮೊದ್ದು ಎಲ್ಲೇ? ಇನ್ನೂ ಬಂದಿಲ್ವಾ?' ಎಂದು ಒಂದು ಸಂಜೆ ಕೇಳಿದಳು. ನಾನು ಬೆಚ್ಚಿಬಿದ್ದೆ. ಅಂದಿನಿಂದ ಪ್ರತಿ ಸಂಜೆ ಅದೇ. ಬಾಗಿಲ ಕಡೆ ಕಿವಿಕೊಟ್ಟು ಕೂರುತ್ತಾಳೆ. ನಾನು ಎದ್ದ ಹೊಸದರಲ್ಲಿ ತಪ್ ತಪ್ ಎಂದು ಓಡಾಡುತ್ತಿದ್ದೆ, ಅವಳ ನೆನಪಿನಲ್ಲಿ ನಾನಿನ್ನೂ ಆ ಹೆಜ್ಜೆಯವಳೇ. ಬೀದಿಯಲ್ಲಿ ಯಾರಾದರೂ ಹೊಸಬರು ಹಾದುಹೋದರೆ ತಲೆಯೆತ್ತುತ್ತಾಳೆ, ಸದ್ದು ಮುಂದಕ್ಕೆ ಹೋದರೆ ಮತ್ತೆ ತಲೆ ತಗ್ಗಿಸುತ್ತಾಳೆ. ನನ್ನ ಕೈ ಹಿಡಿದುಕೊಂಡು ನನ್ನ ಹತ್ತಿರವೇ ನನ್ನ ಮಾತು ಹೇಳುತ್ತಾಳೆ. 'ಆ ಮಗು ಇಲ್ದಿದ್ರೆ ನಾನಿವತ್ತು ಇರ್ತಿರ್ಲಿಲ್ಲ ಗುಬ್ಬಿ. ಬಾಯಿ ಬಿಟ್ಟು ಏನೂ ಕೇಳಲ್ಲ ಅದು. ನಾನೂ ಏನೂ ಕೊಡ್ಲಿಲ್ಲ.' ಇನ್ನೊಂದು ದಿನ, 'ಅದರ ಕೈ ನೋಡಿದ್ಯಾ? ಎಲ್ಲಿ ಮುಟ್ಟಿದ್ರೆ ಅಲ್ಲಿ ನೀರು ಬರತ್ತೆ.' ಇಷ್ಟು ವರ್ಷ ಇದೇ ಕೈಯಲ್ಲಿ ಊಟ ಮಾಡಿಸಿದಾಗ ಹೇಳದ ಮಾತುಗಳು. ಗುಬ್ಬಿಯ ಸ್ಥಾನದಲ್ಲಿ ಕೂತು ಕೇಳಬೇಕಾಯಿತು.

ಹಾಗಾಗಿ ನನಗೆ ಈಗ ಮೊದ್ದುವನ್ನು ಕಂಡರೂ ಹೊಟ್ಟೆ ಉರಿಯುತ್ತದೆ. ನಗಬೇಡ. ನಾನು ಪಕ್ಕದಲ್ಲೇ ಕೂತಿದ್ದೇನೆ, ಅಮ್ಮ ಬಾಗಿಲು ನೋಡುತ್ತಾಳೆ. ಮೊದಲು ನಿನಗಾಗಿ ನೋಡುತ್ತಿದ್ದಳು, ಈಗ ನನಗಾಗಿ. ಯಾರು ಇಲ್ಲವೋ ಅವರೇ ಅವಳಿಗೆ ಬೇಕು, ಇರುವವರು ಸೂಪು ಕುಡಿಸಲು. ನಿನ್ನನ್ನು ಅಷ್ಟು ವರ್ಷ ಅವಳು ಕಾದದ್ದು ನೀನು ನನಗಿಂತ ಹೆಚ್ಚು ಎಂದಲ್ಲ, ನೀನು ಇರಲಿಲ್ಲ ಎಂದು, ಎಂಬ ಯೋಚನೆ ನನಗೆ ಈ ನಡುವೆ ಬಂದಿದೆ. ಮೊದಲೇ ಬಂದಿದ್ದರೆ ನಿನ್ನ ಪಿಟೀಲನ್ನು ಸ್ವಲ್ಪ ಪ್ರೀತಿಯಿಂದ ಒರೆಸುತ್ತಿದ್ದೆನೋ ಏನೋ. ಇರಲಿ. ಒಂದೊಂದು ಸಲ ನಾನೇ ಕೋಟು ಹಾಕಿಕೊಂಡು ಹೊರಗೆ ಹೋಗಿ ಮತ್ತೆ ಒಳಗೆ ಬರೋಣ ಎನಿಸಿ, ಬಂದೂ ನೋಡಿದೆ. ನನ್ನ ಹೆಜ್ಜೆಯಲ್ಲಿ ಈಗ ಸದ್ದಿಲ್ಲ. ಅಮ್ಮ ತಲೆಯೆತ್ತಲಿಲ್ಲ. 'ಯಾರು, ಗುಬ್ಬೀನಾ?' ಎಂದಳು ಅಷ್ಟೆ.

ಬೇಸರ ಮಾಡಿಕೊಳ್ಳಬೇಡ, ನಿನ್ನನ್ನು ಹೆದರಿಸಲು ಇದನ್ನೆಲ್ಲ ಬರೆಯಲಿಲ್ಲ. ಅಮ್ಮ ನಿನ್ನ ಗುರುತು ಹಿಡಿಯದೆ ಹೋಗಬಹುದು, ಎದುರಿಗೆ ನಿಂತಾಗ ನಿನಗೆ ಎದೆ ಒಡೆಯಬಾರದು ಎಂದು ಬರೆದೆ. ಕಾಲು ಸ್ವಲ್ಪ ಸ್ಥಿರವಾದ ಮೇಲೆ ನನ್ನ ಗಂಡ ಗಾಡಿ ತಂದು ನಿನ್ನನ್ನು ಕರೆತರುತ್ತಾನೆ. ದಾರಿಯುದ್ದಕ್ಕೂ ಅವನು ಮಾತಾಡದಿದ್ದರೆ ಕೋಪವೆಂದು ತಿಳಿಯಬೇಡ, ಅತ್ತಿಗೆ ಎಂಬ ಪದವನ್ನು ಬಾಯಲ್ಲಿ ಹೊರಳಿಸುತ್ತಿರುತ್ತಾನೆ. ಮನೆಯ ಮುಂದಿನ ಮೆಟ್ಟಿಲು ಎತ್ತರವಿದೆ, ಗೋಡೆ ಹಿಡಿದು ಹತ್ತು. ನಿನ್ನ ಹಾಸಿಗೆಯ ಹೊದಿಕೆ ಬದಲಾಯಿಸಿದ್ದೇನೆ, ಪಿಟೀಲಿನ ತಂತಿ ಬಿಗಿ ಮಾಡಿಲ್ಲ, ಅದು ನಿನಗೇ ಬಿಟ್ಟದ್ದು. ಡಾಕ್ಟರಮ್ಮ ಹೇಳಿದ ಹಾಗೆ ಕೇಳು, ತಲೆ ಸುತ್ತಿದರೆ ಹಟ ಮಾಡಿ ಏಳಬೇಡ, ಹೊಟ್ಟೆಗೆ ಹಿಡಿಸಿದಷ್ಟು ತಿನ್ನು.

ಮನೆಯವನು, ಮಗಳು ಇಬ್ಬರೂ ನಿನ್ನನ್ನು ಕೇಳಿದ್ದಾರೆ. ತಂಗಿಯಾಗಿ ನಮಸ್ಕಾರ ಹೇಳಬೇಕೋ, ವಯಸ್ಸಿನಲ್ಲಿ ಹಿರಿಯಳಾಗಿ ಆಶೀರ್ವಾದ ಮಾಡಬೇಕೋ ತಿಳಿಯದೆ ಎರಡನ್ನೂ ಕಳಿಸುತ್ತಿದ್ದೇನೆ. ಬೇಕಾದ್ದನ್ನು ನೀನು ಇಟ್ಟುಕೊ, ಇನ್ನೊಂದನ್ನು ಬರುವಾಗ ವಾಪಸು ತಾ.

ನಿನ್ನ ತಂಗಿ,
ಮೊದ್ದು

ವಿ.ಸೂ.: ಗುಡ್ಡದ ಕಡೆ ಹೋಗುವ ಗಾಡಿಯವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ, ಅಕ್ಷರ ಕೆಟ್ಟರೆ ಹೊಂದಿಸಿಕೊ. ಕೋಟಿನ ವಿಷಯ. ಮನೆಗೆ ಬರುವ ದಿನ ಅಮ್ಮ ಹೊಲಿದ ಅಂಗಿಯೊಂದನ್ನೇ ಹಾಕಬೇಡ, ಅದರ ಮೇಲೆ ನನ್ನ ಈ ನೀಲಿ ಕೋಟನ್ನೂ ಹಾಕಿಕೊಂಡು ಗುಂಡಿ ಹಾಕಿಕೊ. ಜಿಡ್ಡಿನ ವಾಸನೆ ಬರುತ್ತದೆ, ಅಂದು ಒಂದು ದಿನ ಸಹಿಸಿಕೊ. ಮಗಳಿಗೆ ಹೇಳಬಹುದಿತ್ತು, ಅವಳು ಬೆಕ್ಕಿನ ಹಾಗೆ ನಡೆಯುತ್ತಾಳೆ, ಆಗುವುದಿಲ್ಲ. ನಿನ್ನ ಕಾಲು ಈಗ ತಪ್ ತಪ್ ಎನ್ನುತ್ತದೆ. ಮೆಲ್ಲಗೆ ನಡೆಯಬೇಡ, ಬಡಿಯಲಿ. ಅಮ್ಮ ಬಾಗಿಲ ಕಡೆ ತಲೆಯೆತ್ತಿ 'ಮೊದ್ದೂ, ಬಂದ್ಯಾ?' ಎಂದು ಕೇಳಿದರೆ, ನಾನು ಗುಬ್ಬಿ ಎನ್ನಬೇಡ ಅಕ್ಕಾ, ನಿನ್ನ ಕಾಲಿಗೆ ಬೀಳುತ್ತೇನೆ. 'ಬಂದೆ ಕಣಮ್ಮ, ಕೈ ತೊಳ್ಕೊಂಡು ಬರ್ತೀನಿ' ಎನ್ನು, ನಾನು ಯಾವಾಗಲೂ ಹಾಗೇ ಅನ್ನುತ್ತಿದ್ದೆ. ನಾನು ಒಲೆಯ ಪಕ್ಕದಲ್ಲಿ ಗುಬ್ಬಿಯಾಗಿ ಕೂತಿರುತ್ತೇನೆ, ಅಲ್ಲಿಂದ ಅಮ್ಮನ ಮುಖ ಚೆನ್ನಾಗಿ ಕಾಣುತ್ತದೆ. ನೀನು ಬಂದಾಗ ಅದು ಹೇಗಾಗುತ್ತದೆ ಎಂದು ನೋಡಿದ್ದೇನೆ. ನಾನು ಬಂದಾಗ ಹೇಗಾಗುತ್ತದೆ ಎಂದು ಒಂದೇ ಒಂದು ಸಲ ನೋಡಬೇಕು.